ಸಾಕ್ಷ್ಯಚಿತ್ರದಲ್ಲಿ ಸಾಕ್ಷಿ ಯಾರು?: ಆಪಲ್‌ಷಾಪ್ ಕೇಂದ್ರದ ಚಿತ್ರಶಿಕ್ಷಣವನ್ನು ಕುರಿತು

'ಸಾಕ್ಷ್ಯಚಿತ್ರ' ಎಂಬ ಮಾತು ಕನ್ನಡದಲ್ಲಿ ಈಗ ಎಷ್ಟು ಬಳಕೆಯಾಗಿದೆಯೆಂದರೆ, ಅದರೊಳಗೆ 'ಸಾಕ್ಷಿ' ಎಂಬ ಶಬ್ದ ಅಡಗಿದೆಯೆಂಬುದು ಸಾಮಾನ್ಯವಾಗಿ ನಮ್ಮ ಗಮನಕ್ಕೆ ಬರುವುದಿಲ್ಲ. ಪಾಣಿನಿಯ ವ್ಯಾಕರಣದಂತೆ ಸಾಕ್ಷಿಯೆಂದರೆ ಕಣ್ಣಾರೆ ಕಂಡವನು. ಕೇಳಿ ತಿಳಿದವನಾಗಲಿ ಊಹಿಸಿ ಹೇಳುವವನಾಗಲಿ ಸಾಕ್ಷಿಯಾಗಲಾರನು. ಹಾಗಾದರೆ ಸಾಕ್ಷ್ಯಚಿತ್ರದಲ್ಲಿ ಸಾಕ್ಷಿ ಯಾರು? ಕ್ಯಾಮೆರಾ ಹಿಡಿದು ನಾಲ್ಕು ದಿನ ಊರಿಗೆ ಬಂದುಹೋದವನೋ, ಆ ಊರಿನಲ್ಲಿಯೇ ಹುಟ್ಟಿ, ಅಲ್ಲಿನ ಸುಖದುಃಖಗಳನ್ನು ಉಂಡವನೋ? ಈ ಪ್ರಶ್ನೆಯನ್ನು ತತ್ತ್ವವಾಗಿ ಚರ್ಚಿಸುವುದು ಸುಲಭ. ಅದನ್ನು ಒಂದು ಶಾಲೆಯನ್ನಾಗಿ ಮಾಡಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆಸಿದ ನಿದರ್ಶನಗಳು ವಿರಳ. ಅಂತಹ ಒಂದು ನಿದರ್ಶನವನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಲು ನಾವು ಉದ್ದೇಶಿಸಿದ್ದೇವೆ.

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪೂರ್ವಭಾಗದಲ್ಲಿ ಆಪಲೇಚಿಯನ್ ಪರ್ವತಶ್ರೇಣಿ ಹಬ್ಬಿದೆ. ಕೆಂಟಕಿ ಸಂಸ್ಥಾನದ ಪೂರ್ವದ ಅಂಚಿನಲ್ಲಿ, ಈ ಬೆಟ್ಟಗಳ ಇಕ್ಕಟ್ಟಾದ ಕಣಿವೆಯೊಂದರಲ್ಲಿ, ವೈಟ್ಸ್‌ಬರ್ಗ್ ಎಂಬ ಸಣ್ಣ ಊರಿದೆ. ಸುತ್ತಲಿನ ಲೆಚರ್ ಕೌಂಟಿಯ ಜೀವಾಳವೂ ವೈರಿಯೂ ಕಲ್ಲಿದ್ದಲೇ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯದರ ಆದಿಯವರೆಗೆ ಕಂಪನಿಗಳ ದಲ್ಲಾಳಿಗಳು ಇಲ್ಲಿನ ರೈತರಿಂದ ಒಂದು ಬಗೆಯ ಕ್ರಯಪತ್ರ ಬರೆಸಿಕೊಂಡರು. ಅದರಂತೆ ನೆಲದ ಮೇಲ್ಮೈ ರೈತನದು, ನೆಲದಡಿಯ ಖನಿಜವೆಲ್ಲ ಕಂಪನಿಯದು. ಎಕರೆಗೆ ಕೆಲವೇ ಡಾಲರುಗಳಿಗೆ, ಕೆಲವೊಮ್ಮೆ ಅದಕ್ಕೂ ಕಡಿಮೆಗೆ, ಈ ಹಕ್ಕುಗಳು ಮಾರಾಟವಾದವು. ಮುಂದೆ ಯಂತ್ರಗಳು ಬಂದು ಬೆಟ್ಟದ ಮೈಯನ್ನೇ ಸುಲಿದು ಇದ್ದಲನ್ನು ತೆಗೆಯುವ ಪದ್ಧತಿ ಹಬ್ಬಿದಾಗ, ಅಜ್ಜ ಹಾಕಿದ ಸಹಿಯ ಬಲದಿಂದ ಮೊಮ್ಮಗನ ಹೊಲವನ್ನು ಅವನ ಒಪ್ಪಿಗೆಯಿಲ್ಲದೆ ಅಗೆಯುವುದು ಸಾಧ್ಯವಾಯಿತು. 1988ರಲ್ಲಿ ಕೆಂಟಕಿಯ ಮತದಾರರು ಸಂವಿಧಾನಕ್ಕೆ ತಿದ್ದುಪಡಿ ತಂದ ಮೇಲೆಯೇ ಇದಕ್ಕೆ ತಡೆ ಬಿದ್ದಿತು.

1964ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಬಡತನದ ವಿರುದ್ಧ ಸಮರ ಸಾರಿ ಈ ಪ್ರದೇಶಕ್ಕೆ ಭೇಟಿಯಿತ್ತರು. ಅವರ ಹಿಂದೆಯೇ ಪತ್ರಕರ್ತರೂ ದೂರದರ್ಶನದ ತಂಡಗಳೂ ಬಂದವು. ಹರಕು ಅಂಗಿಯ ಮಕ್ಕಳು, ಮುರುಕು ಜಗುಲಿ, ಮಸಿಬಳಿದ ಮುಖದ ಗಣಿಗಾರ ಎಂಬ ಮೂರು ಚಿತ್ರಗಳು ಇಡೀ ದೇಶದ ಮನೆಗಳಲ್ಲಿ ಮತ್ತೆ ಮತ್ತೆ ಮೂಡಿದವು. ಚಿತ್ರಗಳು ಸುಳ್ಳಲ್ಲ. ಆದರೆ ಅವನ್ನು ಕಂಡು ನೆರವು ಕಳಿಸಿದವರೂ ಉಂಟು, ನಕ್ಕವರೂ ಉಂಟು. ಚಿತ್ರದಲ್ಲಿ ಸಿಕ್ಕವರಿಗೆ ಎರಡೂ ಅವಮಾನವಾಗಿಯೇ ತೋರಿರಬೇಕು.

ಈ ಅಸಮಾಧಾನವು 1967ರ ಸೆಪ್ಟೆಂಬರಿನಲ್ಲಿ ಒಂದು ಕೊಲೆಯಲ್ಲಿ ಸ್ಫೋಟಗೊಂಡಿತು. ಕೆನಡಾ ದೇಶದ ಚಿತ್ರನಿರ್ಮಾಪಕ ಹ್ಯೂ ಓ'ಕಾನರ್, ಲೆಚರ್ ಕೌಂಟಿಯ ಜೆರೆಮಾಯ ಎಂಬಲ್ಲಿ, ಬಾಡಿಗೆಯ ಮನೆಯೊಂದರ ಜಗುಲಿಯ ಮೇಲೆ ಕುಳಿತಿದ್ದ ಗಣಿಕಾರ್ಮಿಕನ ಚಿತ್ರ ತೆಗೆಯುತ್ತಿದ್ದರು. ಕಾರ್ಮಿಕನ ಒಪ್ಪಿಗೆಯನ್ನು ಪಡೆದಿದ್ದರು. ಆದರೆ ಮನೆಯ ಯಜಮಾನ ಹೋಬರ್ಟ್ ಐಸನ್ ಪಿಸ್ತೂಲು ಹಿಡಿದು ಬಂದು, ತನ್ನ ನೆಲವನ್ನು ಬಿಟ್ಟು ಹೋಗುವಂತೆ ಗದರಿದನು. ತಂಡದವರು ಸಲಕರಣೆಗಳನ್ನು ಹೊತ್ತು ಹೊರಡುತ್ತಿದ್ದಂತೆಯೇ ಗುಂಡು ಹಾರಿತು. ಓ'ಕಾನರ್ ಅಲ್ಲಿಯೇ ಮಡಿದರು. ಊರಿನ ಬಹು ಮಂದಿ ಕೊಂದವನ ಪರವಾಗಿ ನಿಂತುದು ಇನ್ನೂ ಯೋಚನೆಗೀಡುಮಾಡುವ ಸಂಗತಿ. ಮೊದಲ ವಿಚಾರಣೆಯಲ್ಲಿ ಪಂಚರು ಒಮ್ಮತಕ್ಕೆ ಬರಲಿಲ್ಲ. ಆಮೇಲೆ ಐಸನ್ ಕಡಿಮೆ ತರಗತಿಯ ನರಹತ್ಯೆಯ ಅಪರಾಧವನ್ನು ಒಪ್ಪಿಕೊಂಡು ಹತ್ತು ವರ್ಷದ ಶಿಕ್ಷೆಗೆ ಗುರಿಯಾದನು. ಒಂದು ವರ್ಷದಲ್ಲಿಯೇ ಹೊರಗೆ ಬಂದನು.

ಎರಡು ವರ್ಷಗಳ ತರುವಾಯ, 1969ರಲ್ಲಿ, ಅದೇ ಕೌಂಟಿಗೆ ಮತ್ತೊಬ್ಬ ಹೊರಗಿನವರು ಕ್ಯಾಮೆರಾಗಳೊಡನೆ ಬಂದರು. ಇವರ ಹೆಸರು ಬಿಲ್ ರಿಚರ್ಡ್‌ಸನ್. ಯೇಲ್ ವಿಶ್ವವಿದ್ಯಾನಿಲಯದಲ್ಲಿ ವಾಸ್ತುಶಿಲ್ಪವನ್ನು ಓದಿದವರು. ಸರ್ಕಾರದ ಬಡತನ ನಿವಾರಣೆಯ ಕಚೇರಿಯೂ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟೂ ಕೂಡಿ, ಹಿಂದುಳಿದ ಸಮುದಾಯಗಳ ತರುಣರಿಗೆ ಚಲಚ್ಚಿತ್ರದ ಕಸಬು ಕಲಿಸುವ ಕಮ್ಮಟಗಳನ್ನು ಹಲವೆಡೆ ತೆರೆದಿದ್ದವು. ಅವುಗಳಲ್ಲಿ ಬಹುಪಾಲು ನಗರಗಳಲ್ಲಿದ್ದವು, ವೈಟ್ಸ್‌ಬರ್ಗಿನದು ಹಳ್ಳಿಗಾಡಿನದು. ಈ ಚಿತ್ರ ಕಮ್ಮಟವೇ ಮುಂದೆ 'ಆಪಲ್‌ಷಾಪ್' ಆಯಿತು. (ಹೆಸರಿನಲ್ಲಿ ಸೇಬಿನ ಅಂಗಡಿಯನ್ನು ಹುಡುಕಬೇಕಾಗಿಲ್ಲ. ಪರ್ವತದ ಹೆಸರಿನ ತಲೆಯನ್ನೂ, ಕಮ್ಮಟ ಎಂಬರ್ಥದ 'ವರ್ಕ್‌ಷಾಪ್' ಶಬ್ದದ ಬಾಲವನ್ನೂ ಸೇರಿಸಿದ್ದು ಅಷ್ಟೆ.)

ಸರ್ಕಾರದ ಯೋಜನೆಯಲ್ಲಿ ಒಂದು ಮೂಲದೋಷವಿತ್ತೆಂದು ನಮಗೆ ತೋರುತ್ತದೆ. ತರುಣರನ್ನು ಚಿತ್ರೋದ್ಯಮದ ನೌಕರಿಗೆ ಸಿದ್ಧಪಡಿಸುವುದು ಅದರ ಉದ್ದೇಶ. ಆದರೆ ಆ ನೌಕರಿಗಳು ಇದ್ದುದು ದೂರದ ಮಹಾನಗರಗಳಲ್ಲಿ. ಎಂದರೆ, ಕಲಿತವರೆಲ್ಲ ಊರು ಬಿಡಬೇಕು. ಆಗಲೇ ಗಣಿಗಳಲ್ಲಿ ಕೆಲಸವಿಲ್ಲದೆ ಕುಟುಂಬಗಳು ಗುಳೆ ಹೋಗುತ್ತಿದ್ದ ಬೆಟ್ಟಗಳಿಗೆ ಇದು ಮತ್ತೊಂದು ಸೋರಿಕೆಯಾಗುತ್ತಿತ್ತು. ವಿದ್ಯಾರ್ಥಿಗಳು ಇದಕ್ಕೆ ಒಡಂಬಡಲಿಲ್ಲ. ಗಣಿಕಾರ್ಮಿಕರ ಮನೆಯಲ್ಲಿ ಹುಟ್ಟಿ, ಪ್ರೌಢಶಾಲೆಯಲ್ಲಿ ಓದುತ್ತಿರುವಾಗಲೇ ಕಮ್ಮಟಕ್ಕೆ ಸೇರಿದ ಹರ್ಬ್ ಇ. ಸ್ಮಿತ್ ಮುಂತಾದವರು ಊರಿನಲ್ಲಿಯೇ ಉಳಿದರು. ಕೆಲವೇ ವರ್ಷಗಳಲ್ಲಿ ಸರ್ಕಾರದ ಹಣ ನಿಂತಾಗ ಕಮ್ಮಟವನ್ನು ಲಾಭಾಪೇಕ್ಷೆಯಿಲ್ಲದ ಸಂಸ್ಥೆಯನ್ನಾಗಿ ಮಾರ್ಪಡಿಸಿ ತಾವೇ ನಡೆಸತೊಡಗಿದರು.

ಕಲಿಕೆಯ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡುವುದು ಯುಕ್ತ. ಅಂದಿನ ಉಪಕರಣ 16 ಮಿಲಿಮೀಟರಿನ ಫಿಲ್ಮು. ಅದರ ಒಂದು ಅಡಿಯಲ್ಲಿ 40 ಚೌಕಟ್ಟುಗಳು. ಸೆಕೆಂಡಿಗೆ 24 ಚೌಕಟ್ಟು ಓಡುವುದರಿಂದ ನಿಮಿಷವೊಂದಕ್ಕೆ 36 ಅಡಿ ಬೇಕು. 100 ಅಡಿಯ ಸುರುಳಿ ಮೂರು ನಿಮಿಷವೂ ಬಾರದು. 400 ಅಡಿಯ ಸುರುಳಿ ಸುಮಾರು 11 ನಿಮಿಷ. ಧ್ವನಿಯನ್ನು ಬೇರೆ ಯಂತ್ರದಲ್ಲಿ ಕಾಲು ಅಂಗುಲದ ಟೇಪಿನ ಮೇಲೆ ಹಿಡಿದು ಆಮೇಲೆ ಚಿತ್ರಕ್ಕೆ ಹೊಂದಿಸಬೇಕು. ಸಂಸ್ಕರಣಕ್ಕೆ ಹೋದ ಸುರುಳಿ ಪ್ರಯೋಗಾಲಯದಿಂದ ಹಿಂತಿರುಗುವವರೆಗೆ ತೆಗೆದದ್ದು ಸರಿಯೋ ತಪ್ಪೋ ತಿಳಿಯುವಂತಿಲ್ಲ. ಇಂತಹ ಜಿಪುಣ ಮಾಧ್ಯಮದಲ್ಲಿ ಕಲಿಯುವವನು ಗುಂಡಿ ಒತ್ತುವ ಮುನ್ನ ಬಹಳ ಹೊತ್ತು ನೋಡಬೇಕು, ಅದಕ್ಕಿಂತ ಹೆಚ್ಚು ಹೊತ್ತು ಕೇಳಬೇಕು. ಎಷ್ಟು ಬೇಕಾದರೂ ಚಿತ್ರಿಸಿ ಅಳಿಸಬಹುದಾದ ಇಂದಿನ ಸಾಧನಗಳಲ್ಲಿ ಕಲಿಯುತ್ತಿರುವ ನಮ್ಮ ವಿದ್ಯಾರ್ಥಿಗಳಿಗೆ ಈ ಶಿಸ್ತಿನ ಪರಿಚಯವಾಗುವುದು ಕಷ್ಟ.

ಕೇಂದ್ರದ ಮೊದಲ ಚಿತ್ರಗಳ ವಸ್ತುಗಳು ಈ ಶಿಸ್ತಿಗೆ ತಕ್ಕವಾಗಿವೆ. 1971ರ ಒಂದು ಕಿರುಚಿತ್ರದಲ್ಲಿ ವುಡ್ರೋ ಕಾರ್ನೆಟ್ ಎಂಬ ಕಟುಕನು ಹಂದಿಯನ್ನು ಕೊಯ್ದು ಹಸನುಮಾಡುವುದನ್ನು ಕಾಣುತ್ತೇವೆ. 1973ರ ಸ್ಮಿತ್ ಅವರ ಚಿತ್ರ ಆ ಬೆಟ್ಟಗಳ ಹಳೆಯ ಕ್ರೈಸ್ತ ಪಂಥವೊಂದರ ಆರಾಧನೆಯನ್ನು ಕುರಿತದ್ದು. ಕುರ್ಚಿ ಮಾಡುವವನು, ಕೌದಿ ಹೊಲಿಯುವ ಹೆಂಗಸರು, ಗಣಿಗಿಳಿಯುವ ಹೆಂಗಸರು ಹೀಗೆ ಪಟ್ಟಿ ಬೆಳೆಯುತ್ತದೆ. ಹೊರಗಿನ ತಂಡಗಳು 'ಬಡವ'ನನ್ನು ಕಂಡ ಕಡೆಯಲ್ಲಿ ಇವರಿಗೆ ಕಂಡದ್ದು ಕೆಲಸಗಾರ. ಆತನ ಕೈಯ ಚಳಕ. ಬಡತನವನ್ನು ಮುಚ್ಚಿಟ್ಟರೆಂಬ ಆಕ್ಷೇಪಕ್ಕೆ ಇಲ್ಲಿ ಎಡೆಯುಂಟೇ? ಆರಂಭದ ಕೆಲವು ಚಿತ್ರಗಳ ಮಟ್ಟಿಗೆ ಇರಬಹುದು. ಆದರೆ 1975ರಲ್ಲಿ ಮಿಮಿ ಪಿಕರಿಂಗ್ ತಯಾರಿಸಿದ ಬಫೆಲೊ ಕ್ರೀಕ್ ಪ್ರವಾಹದ ಚಿತ್ರ ಆ ಆಕ್ಷೇಪವನ್ನು ಪೂರ್ಣವಾಗಿ ಅಳಿಸಿತು.

ಆ ದುರಂತ ನಡೆದುದು ನೆರೆಯ ಪಶ್ಚಿಮ ವರ್ಜೀನಿಯಾದಲ್ಲಿ, 1972ರ ಫೆಬ್ರವರಿ 26ರ ಬೆಳಗ್ಗೆ. ಕಲ್ಲಿದ್ದಲ ಕಸವನ್ನು ರಾಶಿ ಹಾಕಿ ಕಣಿವೆಗೆ ಅಡ್ಡಲಾಗಿ ಕಟ್ಟಿದ್ದ ಕಂಪನಿಯ ಕಟ್ಟೆಯೊಂದು ಮಳೆಯಿಂದ ಒಡೆಯಿತು. ಕರಿಯ ನೀರು ಕೆಳಗಿನ ಹಳ್ಳಿಗಳ ಮೇಲೆ ನುಗ್ಗಿತು. 125 ಜನ ಸತ್ತರು, ನಾಲ್ಕು ಸಾವಿರಕ್ಕೂ ಹೆಚ್ಚು ಜನ ಮನೆ ಕಳೆದುಕೊಂಡರು. ಇದು ದೈವಕೃತ್ಯವೆಂದು ಕಂಪನಿ ವಾದಿಸಿತು. ಅಲ್ಲಿನ ಕಾನೂನಿನಲ್ಲಿ ಈ ಮಾತು ಕೇವಲ ಭಕ್ತಿಯ ಮಾತಲ್ಲ. ದೈವಕೃತ್ಯವಾದರೆ ಪರಿಹಾರದ ಹೊಣೆ ತಪ್ಪುತ್ತದೆ. ಪಿಕರಿಂಗ್ ತಮ್ಮ ಚಿತ್ರದ ಹೆಸರಿನಲ್ಲಿಯೇ ಇದಕ್ಕೆ ಉತ್ತರವಿತ್ತು, ಅದನ್ನು 'ಮನುಷ್ಯಕೃತ್ಯ'ವೆಂದು ಕರೆದರು. ಬದುಕುಳಿದವರು ಕಂಡುದನ್ನು ಕಂಡಂತೆ ಹೇಳುತ್ತಾರೆ. ಅವರ ಮಾತಿನ ಎದುರಿಗೆ ಅಧಿಕಾರಿಗಳ ಮಾತನ್ನು ನಿಲ್ಲಿಸಲಾಗಿದೆ. ಬದುಕುಳಿದ ಹಲವರು ಹೂಡಿದ್ದ ದಾವೆ 1974ರಲ್ಲಿ 135 ಲಕ್ಷ ಡಾಲರಿಗೆ ರಾಜಿಯಾಯಿತು. ಸಂಸ್ಥಾನದ ಸರ್ಕಾರವಾದರೋ ತಾನು ಕೇಳಿದ್ದ ಹತ್ತು ಕೋಟಿಯನ್ನು ಬಿಟ್ಟು 1977ರಲ್ಲಿ ಹತ್ತು ಲಕ್ಷಕ್ಕೆ ಒಪ್ಪಿಕೊಂಡಿತು. 2005ರಲ್ಲಿ ಈ ಚಿತ್ರ ಅಮೆರಿಕದ ರಾಷ್ಟ್ರೀಯ ಚಿತ್ರಸೂಚಿಯಲ್ಲಿ ಸೇರಿತು.

ಇಲ್ಲಿಗೆ ನಮ್ಮ ಮೊದಲ ಪ್ರಶ್ನೆ ಬಗೆಹರಿಯಿತೆಂದು ತೋರಬಹುದು: ಊರಿನವನೇ ಸಾಕ್ಷಿ, ಅವನ ಕೈಗೆ ಕ್ಯಾಮೆರಾ ಕೊಟ್ಟರಾಯಿತು. ಆದರೆ ಕೇಂದ್ರದವರೇ ಈ ಉತ್ತರಕ್ಕೆ ತೃಪ್ತರಾಗಲಿಲ್ಲ. ಪೂರ್ವ ಕೆಂಟಕಿಯಲ್ಲಿಯೇ ಬೆಳೆದ ಎಲಿಜಬೆತ್ ಬ್ಯಾರೆಟ್ 2000ದಲ್ಲಿ ಓ'ಕಾನರ್ ಕೊಲೆಯ ಮೇಲೆ 'ಸ್ಟ್ರೇಂಜರ್ ವಿತ್ ಎ ಕ್ಯಾಮೆರಾ' ಎಂಬ ಚಿತ್ರ ಮಾಡಿದರು. ಕೊಂದವನ ಕಡೆಯವರನ್ನೂ ಸತ್ತವನ ಮಗಳನ್ನೂ ಒಂದೇ ಚಿತ್ರದೊಳಗೆ ತಂದ ಆಕೆ, ತನ್ನ ಕೈಯಲ್ಲಿರುವುದೂ ಅದೇ ಕ್ಯಾಮೆರಾ ಎಂಬುದನ್ನು ಮರೆಯುವುದಿಲ್ಲ. ನೆರೆಯವನ ಜಗುಲಿಯನ್ನು ಚಿತ್ರಿಸುವಾಗ ಊರಿನವಳೂ ಒಂದು ಅಂಶದಲ್ಲಿ ಹೊರಗಿನವಳೇ. ಚಿತ್ರ ತೆಗೆಯುವವರಿಗೂ ತೆಗೆಯಿಸಿಕೊಳ್ಳುವವರಿಗೂ ನಡುವೆ ಇರುವ ಈ ಅಂತರವನ್ನು ಹುಟ್ಟೂರು ಕಡಿಮೆ ಮಾಡಬಲ್ಲುದೇ ಹೊರತು ಇಲ್ಲದಂತೆ ಮಾಡಲಾರದು. ನಮ್ಮ ದೃಷ್ಟಿಯಲ್ಲಿ ಕೇಂದ್ರದ ಚಿತ್ರಗಳಲ್ಲೆಲ್ಲ ಇದೇ ಮಿಗಿಲಾದುದು. ಕಲಿಸುವವರು ಇದನ್ನು ತರಗತಿಯಲ್ಲಿ ತೋರಿಸಿ, ಗುಂಡು ಹಾರಿದುದಕ್ಕೆ ಯಾರು ಎಷ್ಟರಮಟ್ಟಿಗೆ ಹೊಣೆಯೆಂದು ವಿದ್ಯಾರ್ಥಿಗಳನ್ನು ಕೇಳಿನೋಡಬಹುದು. ಒಂದೇ ಉತ್ತರ ಬರುವುದು ಕಷ್ಟ.

1988ರಲ್ಲಿ ಆಪಲ್‌ಷಾಪ್ ಎಳೆಯರಿಗಾಗಿಯೇ ಒಂದು ಮಾಧ್ಯಮ ಶಿಕ್ಷಣ ವಿಭಾಗವನ್ನು ತೆರೆಯಿತು. ಬೇಸಗೆಯಲ್ಲಿ ಆ ಪ್ರದೇಶದ ಹುಡುಗ ಹುಡುಗಿಯರು ಗುಂಪುಗೂಡಿ, ವಸ್ತುವನ್ನು ತಾವೇ ಆರಿಸಿ, ಚಿತ್ರಿಸಿ, ಸಂಕಲಿಸಿ, ಕೊನೆಗೆ ಊರಿನವರ ಮುಂದೆ ಪ್ರದರ್ಶಿಸುತ್ತಾರೆ. ಈ ಕೊನೆಯ ಮೆಟ್ಟಿಲು ಎಲ್ಲಕ್ಕಿಂತ ಕಠಿನವಾದ ಪರೀಕ್ಷೆಯೆಂದು ನಾವು ತಿಳಿಯುತ್ತೇವೆ. ದೂರದ ನಗರದ ಪ್ರೇಕ್ಷಕನಿಗೆ ತಪ್ಪು ಗೊತ್ತಾಗದು. ಎದುರು ಕುಳಿತ ನೆರೆಯವನಿಗೆ ಗೊತ್ತಾಗುತ್ತದೆ.

2022ರ ಜುಲೈ 28ರಂದು ಪ್ರವಾಹ ವೈಟ್ಸ್‌ಬರ್ಗಿಗೇ ಬಂದಿತು. ಕೆಂಟಕಿ ನದಿಯ ಉತ್ತರ ಕವಲು ಉಕ್ಕಿ, ದಡದಲ್ಲಿದ್ದ ಆಪಲ್‌ಷಾಪಿನ ಕಟ್ಟಡಕ್ಕೆ ನೀರು ನುಗ್ಗಿತು. 1985ರಿಂದ ನಡೆಯುತ್ತಿದ್ದ ಅದರ ಬಾನುಲಿ ಕೇಂದ್ರದ ಪ್ರಸಾರ ನಿಂತಿತು. ಕೆಳ ಅಂತಸ್ತಿನ ದಾಖಲೆ ಭಂಡಾರದಲ್ಲಿದ್ದ ಸುರುಳಿಗಳೂ ಟೇಪುಗಳೂ ಛಾಯಾಚಿತ್ರಗಳೂ ಕೆಸರಿನಲ್ಲಿ ಮುಳುಗಿದವು. ಫಿಲ್ಮಿನ ಮೇಲಿನ ಲೇಪ ಜಿಲೆಟಿನ್ನಿನದಾದುದರಿಂದ ನೀರು ತಾಗಿದರೆ ಊದಿಕೊಳ್ಳುತ್ತದೆ, ಬೂಷ್ಟು ಹಿಡಿಯುತ್ತದೆ. ತಣ್ಣಗಿಟ್ಟರೆ ಆ ಕೇಡು ನಿಧಾನವಾಗುತ್ತದೆ. ಆದಕಾರಣ ಸಿಬ್ಬಂದಿಯೂ ನೆರವಿಗೆ ಬಂದವರೂ ಒದ್ದೆಯಾದುದನ್ನು ಹೊರತೆಗೆದು ಶೀತಲಗೃಹಕ್ಕೆ ಸಾಗಿಸಿದರು. ಒಂದೊಂದನ್ನಾಗಿ ತೊಳೆದು ಒಣಗಿಸಿ ಪ್ರತಿ ಮಾಡುವ ಕೆಲಸ ಆ ಬಳಿಕ ಮೊದಲಾಯಿತು. ಮುಗಿದು ಹಂಚಿಕೆಯಾದ ಚಿತ್ರಗಳಿಗಾದರೆ ಬೇರೆ ಬೇರೆ ಗ್ರಂಥಾಲಯಗಳಲ್ಲಿ ಪ್ರತಿಗಳಿವೆ. ಸಂಕಲನದಲ್ಲಿ ಹೊರಗುಳಿದ ಸಂದರ್ಶನಗಳಿಗೆ, ಎಂದರೆ ಆ ಬೆಟ್ಟದ ಹಿರಿಯರು ಗಂಟೆಗಟ್ಟಲೆ ಆಡಿದ ಮಾತಿನ ಮೂಲ ಟೇಪುಗಳಿಗೆ, ಸಾಮಾನ್ಯವಾಗಿ ಎರಡನೆಯ ಪ್ರತಿ ಇರುವುದಿಲ್ಲ.