ಸೂರಿಲ್ಲದ ಅಂಗಳದಿಂದ ಒಲಿಂಪಿಕ್ಸ್‌ಗೆ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವನು ನಾನು. ಗೋಡೆಗೆ ಆಫ್ರಿಕಾದ ನಕಾಶೆ ತೂಗುಹಾಕಿ, ಕೋಲಿನ ತುದಿಯಿಂದ ನೈಲ್ ನದಿಯ ದಾರಿ ತೋರಿಸುತ್ತಿದ್ದೆ. ಆ ನಕಾಶೆಯಲ್ಲಿ ಆಫ್ರಿಕಾದ ಅತಿ ದೊಡ್ಡ ದೇಶವೆಂದರೆ ಸುಡಾನ್. ಪರೀಕ್ಷೆಗೆ ಅದು ಖಾಯಂ ಪ್ರಶ್ನೆ. ಈಗಿನ ಮಕ್ಕಳ ಅಟ್ಲಾಸ್ ತೆರೆದರೆ ಆ ಉತ್ತರ ನಡೆಯುವುದಿಲ್ಲ. ಸುಡಾನಿನ ಕೆಳಭಾಗ ಬೇರೆ ಬಣ್ಣದಲ್ಲಿದೆ. ಅದರ ಮೇಲೆ ದಕ್ಷಿಣ ಸುಡಾನ್ ಎಂದು ಬರೆದಿದೆ. ರಾಜಧಾನಿ ಜುಬಾ. ಹುಟ್ಟಿದ್ದು 2011ರ ಜುಲೈ 9ರಂದು. ಮಕ್ಕಳೇ, ನಿಮ್ಮಲ್ಲಿ ಹಲವರ ಅಕ್ಕಂದಿರು, ಅಣ್ಣಂದಿರು ಈ ದೇಶಕ್ಕಿಂತ ವಯಸ್ಸಿನಲ್ಲಿ ದೊಡ್ಡವರು!

ಈ ದೇಶದ ಬಗ್ಗೆ ಪತ್ರಿಕೆಯಲ್ಲಿ ಬರುವುದೆಲ್ಲ ಯುದ್ಧ, ನೆರೆ, ಹಸಿವು. ನಾನೂ ಅಷ್ಟನ್ನೇ ಓದುತ್ತಿದ್ದೆ. 2024ರ ಜುಲೈನಲ್ಲಿ ಕ್ರೀಡಾಪುಟದಲ್ಲಿ ಬೇರೊಂದು ಸುದ್ದಿ ಕಂಡಿತು. ಲಂಡನ್ನಿನಲ್ಲಿ ನಡೆದ ಅಭ್ಯಾಸ ಪಂದ್ಯದಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ತಂಡ ದಕ್ಷಿಣ ಸುಡಾನ್ ತಂಡವನ್ನು ಸೋಲಿಸಿತ್ತು. ಅದೇನೂ ಆಶ್ಚರ್ಯವಲ್ಲ. ಆಶ್ಚರ್ಯವಿದ್ದದ್ದು ಅಂಕಗಳಲ್ಲಿ: 101–100.

ಅಮೆರಿಕದ ಕಡೆ ಲೆಬ್ರಾನ್ ಜೇಮ್ಸ್ ಇದ್ದ, ಸ್ಟೀಫನ್ ಕರಿ ಇದ್ದ. ಪಂತ ಕಟ್ಟುವವರ ಲೆಕ್ಕದಲ್ಲಿ ಅಮೆರಿಕ ನಲವತ್ತಕ್ಕೂ ಹೆಚ್ಚು ಅಂಕಗಳಿಂದ ಗೆಲ್ಲಬೇಕಿತ್ತು. ಆದರೆ ಅರ್ಧ ಆಟ ಮುಗಿದಾಗ ದಕ್ಷಿಣ ಸುಡಾನ್ 58–42ರಿಂದ ಮುಂದಿತ್ತು. ಕೊನೆಗೆ ಎಂಟೇ ಸೆಕೆಂಡು ಉಳಿದಿದ್ದಾಗ ಲೆಬ್ರಾನ್ ಬುಟ್ಟಿಯವರೆಗೂ ನುಗ್ಗಿ ಚೆಂಡು ಹಾಕಿ ತನ್ನ ದೇಶದ ಮಾನ ಉಳಿಸಿದ. ದಕ್ಷಿಣ ಸುಡಾನಿನ ಕಾರ್ಲಿಕ್ ಜೋನ್ಸ್ ಆ ದಿನ 15 ಅಂಕ ಗಳಿಸಿದ, ಬುಟ್ಟಿಗೆ ಬೀಳದೆ ಮರಳಿದ ಚೆಂಡನ್ನು 11 ಸಲ ಹಿಡಿದ, 11 ಸಲ ಜೊತೆಗಾರರ ಅಂಕಕ್ಕೆ ದಾರಿ ಮಾಡಿಕೊಟ್ಟ.

ಈ ತಂಡ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದೆ. ಇದು ಬಂದ ದೇಶದಲ್ಲಿ ಆಗ ಬಾಸ್ಕೆಟ್‌ಬಾಲ್ ಆಡಲು ಸೂರಿರುವ ಒಂದು ಅಂಕಣವೂ ಇರಲಿಲ್ಲ. ಬಯಲಿನ ಸಿಮೆಂಟು ನೆಲವೇ ಗತಿ. ಮಳೆ ಬಂದರೆ ಆಟ ಬಂದ್. ಒಲಿಂಪಿಕ್ಸ್‌ಗೆ ಮುನ್ನ ತಂಡ ಅಭ್ಯಾಸ ಮಾಡಿದ್ದು ಕೂಡ ಬೇರೆ ದೇಶವಾದ ರುವಾಂಡಾದಲ್ಲಿ.

ಕಥೆ ಶುರುವಾಗುವುದು ಒಬ್ಬ ದನಗಾಹಿಯಿಂದ. ಹೆಸರು ಮನೂಟ್ ಬೋಲ್, ಡಿಂಕಾ ಜನಾಂಗದವನು. ಡಿಂಕಾ ಜನರಿಗೆ ದನಗಳೇ ಸಂಪತ್ತು. ಎತ್ತರಕ್ಕೂ ಅವರು ಹೆಸರುವಾಸಿ. ಬೋಲ್‌ನ ಎತ್ತರ 7 ಅಡಿ 7 ಅಂಗುಲ. ನಮ್ಮ ಮನೆಯ ಬಾಗಿಲಿನ ಚೌಕಟ್ಟು ಏಳು ಅಡಿ ಇದೆ. ಆತ ಬಂದರೆ ಬಗ್ಗಿಯೇ ಒಳಗೆ ಬರಬೇಕು. ಬಾಸ್ಕೆಟ್‌ಬಾಲ್ ಬುಟ್ಟಿ ಇರುವುದು ಹತ್ತು ಅಡಿ ಎತ್ತರದಲ್ಲಿ, ಅಂದರೆ ಅವನು ಕೈಯೆತ್ತಿದರೆ ಸಾಕು. 1985ರಲ್ಲಿ ಆತ ಅಮೆರಿಕದ ದೊಡ್ಡ ಲೀಗ್ ಎನ್‌ಬಿಎ ಸೇರಿದ. ಆಗ ಊರಿನ ಕಡೆ ಅಂತರ್ಯುದ್ಧ. 1983ರಿಂದ 2005ರವರೆಗೆ ನಡೆದ ಆ ಯುದ್ಧ ಮತ್ತು ಅದು ತಂದ ಕ್ಷಾಮದಲ್ಲಿ ಸುಮಾರು ಇಪ್ಪತ್ತು ಲಕ್ಷ ಜನ ಸತ್ತರು. ಬೋಲ್ ದುಡಿದದ್ದನ್ನೆಲ್ಲ ತನ್ನ ಜನಕ್ಕೆ ಸುರಿದ. ಕೈ ಬರಿದಾದ ಮೇಲೂ ಬಿಡಲಿಲ್ಲ. ಹಣ ಕೂಡಿಸಲು ಟೀವಿಯಲ್ಲಿ ಬಾಕ್ಸಿಂಗ್ ಆಡಿದ, ಕುದುರೆ ಜಾಕಿಯ ವೇಷವನ್ನೂ ತೊಟ್ಟ. ಜನ ನಕ್ಕರು, ನಗಲಿ, ದುಡ್ಡು ಊರಿಗೆ ಹೋಗುತ್ತದಲ್ಲ! 2010ರ ಜೂನ್‌ನಲ್ಲಿ ತೀರಿಕೊಂಡ. ಇನ್ನೊಂದು ವರ್ಷ ಬದುಕಿದ್ದರೆ ತನ್ನ ದೇಶದ ಬಾವುಟ ನೋಡುತ್ತಿದ್ದ.

ಅದೇ ಯುದ್ಧಕ್ಕೆ ಹೆದರಿ ವಾವ್ ಎಂಬ ಪಟ್ಟಣದಿಂದ ಒಂದು ದೊಡ್ಡ ಸಂಸಾರ ಈಜಿಪ್ಟಿಗೆ ಓಡಿಹೋಗಿತ್ತು. ಅಲ್ಲಿ ಆ ಮನೆಯ ಹುಡುಗರಿಗೆ ಬೋಲ್ ಸಿಕ್ಕಿದ, ಚೆಂಡು ಹಿಡಿಯುವುದನ್ನು ಕಲಿಸಿದ. ಅವರಲ್ಲಿ ಒಬ್ಬ ಲುವೋಲ್ ಡೆಂಗ್. ಮುಂದೆ ಬ್ರಿಟನ್ ಅವರಿಗೆ ಆಶ್ರಯ ಕೊಟ್ಟಿತು. ಲುವೋಲ್ ಅಮೆರಿಕಕ್ಕೆ ಹೋದ, ಶಿಕಾಗೋ ಬುಲ್ಸ್ ತಂಡದಲ್ಲಿ ಹೆಸರು ಮಾಡಿದ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆತ ಆಡಿದ್ದು ಬ್ರಿಟನ್ ಪರವಾಗಿ. ಅದೇ ಒಲಿಂಪಿಕ್ಸ್‌ನಲ್ಲಿ ಗುವೋರ್ ಮರಿಯಲ್ ಎಂಬ ದಕ್ಷಿಣ ಸುಡಾನಿನ ಮ್ಯಾರಥಾನ್ ಓಟಗಾರನೂ ಇದ್ದ. ಅವನ ದೇಶಕ್ಕೆ ಆಗಿನ್ನೂ ಒಲಿಂಪಿಕ್ ಸಮಿತಿಯೇ ಇರಲಿಲ್ಲ. ಹಾಗಾಗಿ ಯಾವ ದೇಶದವನೂ ಅಲ್ಲದವನಂತೆ, ಐದು ಬಳೆಗಳ ಒಲಿಂಪಿಕ್ ಬಾವುಟದಡಿ ಓಡಿದ. ಒಂದೇ ಮಣ್ಣಿನ ಇಬ್ಬರು ಒಂದೇ ಊರಿನಲ್ಲಿ, ಇಬ್ಬರ ಎದೆಯ ಮೇಲೂ ತಮ್ಮ ದೇಶದ ಹೆಸರಿಲ್ಲ.

2013ರ ಡಿಸೆಂಬರ್‌ನಲ್ಲಿ ದಕ್ಷಿಣ ಸುಡಾನ್ ವಿಶ್ವ ಬಾಸ್ಕೆಟ್‌ಬಾಲ್ ಸಂಸ್ಥೆಯ ಸದಸ್ಯ ದೇಶವಾಯಿತು. ಅದೇ ತಿಂಗಳು ದೇಶದೊಳಗೇ ಹೊಸ ಯುದ್ಧ ಹೊತ್ತಿಕೊಂಡಿತು. ಸ್ವಾತಂತ್ರ್ಯಕ್ಕೆ ಒಟ್ಟಾಗಿ ಹೋರಾಡಿದವರೇ ಈಗ ಎದುರುಬದುರು. ಅಜ್ಜ ಅಜ್ಜಿಯರಿಗೆ ನೆನಪಿರಬಹುದು, ಅಲ್ಲಿ ಶಾಂತಿ ಕಾಯಲು ವಿಶ್ವಸಂಸ್ಥೆಯ ಪರವಾಗಿ ನಮ್ಮ ಭಾರತದ ಸೈನಿಕರೂ ಹೋಗಿದ್ದಾರೆ. ಆ ವರ್ಷದ ಏಪ್ರಿಲ್‌ನಲ್ಲಿ ಜೊಂಗ್ಲೇ ಪ್ರಾಂತದಲ್ಲಿ ನಮ್ಮ ಐವರು ಯೋಧರು ಪ್ರಾಣ ಕೊಟ್ಟರು. ಅಂಥ ನೆಲದಲ್ಲಿ ಚೆಂಡಾಟದ ತಂಡ ಕಟ್ಟುವುದು ಯಾರಿಗೆ ಬೇಕಾಗಿತ್ತು?

ಲುವೋಲ್ ಡೆಂಗ್‌ಗೆ ಬೇಕಾಗಿತ್ತು. 2019ರಲ್ಲಿ ಆಟದಿಂದ ನಿವೃತ್ತನಾದವನು ಅದೇ ವರ್ಷ ದಕ್ಷಿಣ ಸುಡಾನಿನ ಬಾಸ್ಕೆಟ್‌ಬಾಲ್ ಸಂಸ್ಥೆಯ ಅಧ್ಯಕ್ಷನಾದ. ಅಧ್ಯಕ್ಷನೆಂದರೆ ಹಾರ ಹಾಕಿಸಿಕೊಂಡು ಮುಂದಿನ ಸಾಲಿನಲ್ಲಿ ಕೂರುವ ಕೆಲಸ ಎಂದುಕೊಳ್ಳಬೇಡಿ. ವಿಮಾನದ ಟಿಕೆಟ್ಟು, ಹೋಟೆಲ್ಲು, ಅಭ್ಯಾಸಕ್ಕೆ ಬಾಡಿಗೆ ಅಂಕಣ, ಎಲ್ಲಕ್ಕೂ ತನ್ನ ಜೇಬಿನಿಂದ ಹಣ ಹಾಕಿದ. ಒಮ್ಮೆ ತರಬೇತುದಾರನಾಗಿಯೂ ತಾನೇ ನಿಂತ. ಆಮೇಲೆ ತನ್ನ ಗೆಳೆಯ, ಅಮೆರಿಕದ ರಾಯಲ್ ಐವಿಯನ್ನು ಆ ಜಾಗಕ್ಕೆ ಕರೆತಂದ.

ಆಟಗಾರರು? ಅವರು ಲೋಕದ ಮೂಲೆಮೂಲೆಯಲ್ಲಿ ಚದುರಿಹೋಗಿದ್ದರು. ವೆನ್ಯೆನ್ ಗೇಬ್ರಿಯಲ್ ಹುಟ್ಟಿದ್ದು ಖಾರ್ಟೂಮ್‌ನಲ್ಲಿ. ಕೈಗೂಸಾಗಿದ್ದಾಗಲೇ ಈಜಿಪ್ಟಿಗೆ, ಅಲ್ಲಿಂದ ಅಮೆರಿಕಕ್ಕೆ. ನುನಿ ಒಮೊಟ್ ಹುಟ್ಟಿದ್ದು ಕೀನ್ಯಾದ ನಿರಾಶ್ರಿತರ ಶಿಬಿರದಲ್ಲಿ. ಇನ್ನು ಕೆಲವರು ಆಸ್ಟ್ರೇಲಿಯಾದಲ್ಲಿ ಬೆಳೆದವರು. ತಂಡದ ಅತಿ ಕಿರಿಯ ಖಮಾನ್ ಮಲುವಾಚ್ ಬೆಳೆದದ್ದು ಉಗಾಂಡಾದಲ್ಲಿ. ಹದಿಮೂರನೇ ವಯಸ್ಸಿನವರೆಗೆ ಬಾಸ್ಕೆಟ್‌ಬಾಲ್ ಮುಟ್ಟಿದವನಲ್ಲ. ಮೊದಲ ಸಲ ಆಡಲು ಹೋದಾಗ ಕಾಲಿಗೆ ಆಟದ ಬೂಟೂ ಇರಲಿಲ್ಲ, ಕ್ರಾಕ್ಸ್ ಹಾಕಿಕೊಂಡೇ ಆಡಿದ. ಕಾರ್ಲಿಕ್ ಜೋನ್ಸ್ ಮಾತ್ರ ಹುಟ್ಟಿನಿಂದ ಅಮೆರಿಕದವನು. ಹೀಗೆ ಪೌರತ್ವ ಪಡೆದ ಒಬ್ಬನನ್ನು ಸೇರಿಸಿಕೊಳ್ಳಲು ನಿಯಮದಲ್ಲಿ ಎಲ್ಲ ದೇಶಗಳಿಗೂ ಅವಕಾಶವಿದೆ.

ಈ ತಂಡದ ದಾಖಲೆ ಚಿಕ್ಕದು, ಒಂದು ನೋಟ್‌ಬುಕ್ಕಿನ ಪುಟದಲ್ಲಿ ಮುಗಿಯುತ್ತದೆ. ಆದರೆ ಏರಿದ ಪರಿ ನೋಡಿ. ಕೋವಿಡ್ ಕಾಲದಲ್ಲಿ ಅಲ್ಜೀರಿಯಾ ಹಿಂದೆ ಸರಿದಾಗ ತೆರವಾದ ಜಾಗದಲ್ಲಿ ಇವರಿಗೆ ಆಫ್ರಿಕಾ ಕಪ್‌ನ ಅರ್ಹತಾ ಪಂದ್ಯ ಸಿಕ್ಕಿತು. ಅದನ್ನೇ ಹಿಡಿದುಕೊಂಡು 2021ರ ಆಫ್ರಿಕಾ ಕಪ್‌ಗೆ ಹೋಗಿ, ಮೊದಲ ಯತ್ನದಲ್ಲೇ ಕ್ವಾರ್ಟರ್ ಫೈನಲ್ ಮುಟ್ಟಿದರು. ಮುಂದೆ ವಿಶ್ವಕಪ್ಪಿನ ಅರ್ಹತಾ ಸುತ್ತು: 12 ಪಂದ್ಯ, 11 ಗೆಲುವು. 2023ರ ಫೆಬ್ರುವರಿಯಲ್ಲಿ ವಿಶ್ವಕಪ್ಪಿನ ಜಾಗ ಖಚಿತವಾಯಿತು. ಆ ಪಂದ್ಯ ನಡೆದದ್ದು ಎಲ್ಲಿ ಗೊತ್ತೆ? ಲುವೋಲ್ ಡೆಂಗ್ ಬಾಲ್ಯದಲ್ಲಿ ನಿರಾಶ್ರಿತನಾಗಿ ದಿನ ನೂಕಿದ ಅದೇ ಈಜಿಪ್ಟಿನಲ್ಲಿ.

ಆ ವರ್ಷದ ಆಗಸ್ಟ್‌ನಲ್ಲಿ ಫಿಲಿಪ್ಪೀನ್ಸ್‌ನ ಮನಿಲಾದಲ್ಲಿ ವಿಶ್ವಕಪ್. ಮೊದಲ ಪಂದ್ಯ ಪೋರ್ಟೊ ರಿಕೊ ಜೊತೆ. ನಿಗದಿತ 40 ನಿಮಿಷ ಮುಗಿದಾಗ ಸಮಸಮ. ಐದು ನಿಮಿಷದ ಹೆಚ್ಚುವರಿ ಆಟದಲ್ಲಿ 96–101ರಿಂದ ಸೋಲು. ಎರಡೇ ದಿನದಲ್ಲಿ ಚೀನಾವನ್ನು 89–69ರಿಂದ ಮಣಿಸಿದರು. ಅದು ಈ ದೇಶಕ್ಕೆ ವಿಶ್ವಕಪ್ಪಿನ ಮೊದಲ ಗೆಲುವು. ಸರ್ಬಿಯಾ ಮಾತ್ರ ಇವರನ್ನು 115–83ರಿಂದ ಚೆನ್ನಾಗಿ ಜಾಡಿಸಿತು. ಮತ್ತೆ ಎದ್ದು ಆತಿಥೇಯ ಫಿಲಿಪ್ಪೀನ್ಸ್ ಮೇಲೆ ಗೆಲುವು, ಕೊನೆಗೆ ಅಂಗೋಲಾ ಮೇಲೆ 101–78. ಆಫ್ರಿಕಾದ ತಂಡಗಳಲ್ಲೇ ಮೇಲಿನ ಸ್ಥಾನ ಪಡೆದ ಇವರಿಗೆ ಪ್ಯಾರಿಸ್ ಒಲಿಂಪಿಕ್ಸ್‌ನ ಬಾಗಿಲು ನೇರವಾಗಿ ತೆರೆಯಿತು. ಹೋಲಿಕೆ ಮಾಡಬಾರದು, ಆದರೂ ಕೈ ಸುಮ್ಮನಿರುವುದಿಲ್ಲ: ನಮ್ಮ ಭಾರತದ ಬಾಸ್ಕೆಟ್‌ಬಾಲ್ ತಂಡ ಒಲಿಂಪಿಕ್ಸ್‌ನಲ್ಲಿ ಆಡಿದ್ದು ಒಮ್ಮೆ ಮಾತ್ರ, 1980ರ ಮಾಸ್ಕೋದಲ್ಲಿ. ಅಲ್ಲಿ ಒಂದು ಪಂದ್ಯವನ್ನೂ ಗೆಲ್ಲಲಾಗಲಿಲ್ಲ.

ಲಂಡನ್ನಿನಲ್ಲಿ ಅಮೆರಿಕಕ್ಕೆ ಬೆವರಿಳಿಸಿದ ಎಂಟು ದಿನಕ್ಕೆ, ಅಂದರೆ 2024ರ ಜುಲೈ 28ರಂದು, ಫ್ರಾನ್ಸಿನ ಲಿಲ್ ನಗರದಲ್ಲಿ ಇವರ ಮೊದಲ ಒಲಿಂಪಿಕ್ ಪಂದ್ಯ. ಎದುರಾಳಿ ಅದೇ ಪೋರ್ಟೊ ರಿಕೊ. ಆಟಕ್ಕೆ ಮೊದಲು ರಾಷ್ಟ್ರಗೀತೆ. ಹನ್ನೆರಡು ಮಂದಿ ಸಾಲಾಗಿ ನಿಂತರು. ವಾದ್ಯ ಶುರುವಾಯಿತು. ಒಂದೆರಡು ಸ್ವರ ಕೇಳುತ್ತಲೇ ಆಟಗಾರರ ಮುಖ ಬದಲಾಯಿತು. ಮೊಳಗುತ್ತಿದ್ದದ್ದು ದಕ್ಷಿಣ ಸುಡಾನಿನ ಗೀತೆಯಲ್ಲ, ಸುಡಾನಿನದು! ಯಾವ ದೇಶದ ಆಳ್ವಿಕೆಯಿಂದ ಹೊರಬರಲು ಇವರ ಅಪ್ಪಂದಿರು, ಅಜ್ಜಂದಿರು ದಶಕಗಟ್ಟಲೆ ಹೋರಾಡಿದರೋ ಅದೇ ದೇಶದ ಗೀತೆ. ನಮ್ಮ ಹಿರಿಯರು ಹೀಗೆ ಊಹಿಸಿಕೊಳ್ಳಲಿ: ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಹಾಕಿ ತಂಡ ಪರದೇಶದ ಮೈದಾನದಲ್ಲಿ ನಿಂತಿರುವಾಗ ಬ್ರಿಟಿಷ್ ದೊರೆಯ ಗೀತೆ ಹಾಕಿದ್ದರೆ ಎದೆಯಲ್ಲಿ ಏನಾಗುತ್ತಿತ್ತು?

ಯಾರೂ ಕೂಗಾಡಲಿಲ್ಲ. ಯಾರೂ ಸಾಲು ಬಿಟ್ಟು ಹೊರನಡೆಯಲಿಲ್ಲ. ಗೀತೆ ನಡುವೆಯೇ ನಿಂತಿತು. ಆಟಗಾರರು ಕಾದರು. ಪ್ರೇಕ್ಷಕರಿಗೆ ತಪ್ಪು ಗೊತ್ತಾಗಿ, ಇವರಿಗೆ ಧೈರ್ಯ ಹೇಳುವಂತೆ ಚಪ್ಪಾಳೆ ತಟ್ಟತೊಡಗಿದರು. ಕೆಲವು ನಿಮಿಷದ ಮೇಲೆ ಸರಿಯಾದ ಗೀತೆ ಬಂತು. ದೇಶ ಹುಟ್ಟುವ ಮುನ್ನ ಸ್ಪರ್ಧೆ ಏರ್ಪಡಿಸಿ, ಜುಬಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಮೇಷ್ಟ್ರುಗಳು ಸೇರಿ ಕಟ್ಟಿದ ಗೀತೆ ಅದು. ಹುಡುಗರು ಎದೆಯ ಮೇಲೆ ಕೈಯಿಟ್ಟು ಕೇಳಿದರು. ವ್ಯವಸ್ಥಾಪಕರು ಆಮೇಲೆ ಕ್ಷಮೆ ಕೇಳಿದರು. ನನ್ನಂಥ ಮೇಷ್ಟ್ರಿಗೆ ಅನಿಸುವುದೆಂದರೆ, ನಕಾಶೆಯ ಮೇಲೆ ಗೆರೆ ಎಳೆದ ಮಾತ್ರಕ್ಕೆ ಲೋಕಕ್ಕೆ ಹೊಸ ದೇಶ ಕಾಣಿಸುವುದಿಲ್ಲ. ಹದಿಮೂರು ವರ್ಷ ಕಳೆದರೂ ಧ್ವನಿಮುದ್ರಣದ ಪೆಟ್ಟಿಗೆಯಲ್ಲಿ ಹಳೆಯ ಹೆಸರೇ ಉಳಿದಿರುತ್ತದೆ.

ಆಮೇಲೆ ಆಟ. ಗೇಬ್ರಿಯಲ್, ಒಮೊಟ್, ಜೋನ್ಸ್, ಎಲ್ಲರೂ ಮೈಮೇಲೆ ಬಂದವರಂತೆ ಆಡಿದರು. ಹದಿನೇಳರ ಖಮಾನ್ ಒಲಿಂಪಿಕ್ ಅಂಕಣಕ್ಕೆ ಕಾಲಿಟ್ಟ. ಹಿಂದಿನ ವರ್ಷ ಹೆಚ್ಚುವರಿ ಆಟದಲ್ಲಿ ತಮ್ಮನ್ನು ಸೋಲಿಸಿದ್ದ ಪೋರ್ಟೊ ರಿಕೊ ತಂಡವನ್ನು ಈ ಸಲ 90–79ರಿಂದ ಗೆದ್ದರು. ದೇಶ ಮೊದಲ ಬಾರಿಗೆ ತಂಡದ ಆಟವೊಂದರಲ್ಲಿ ಒಲಿಂಪಿಕ್ಸ್‌ಗೆ ಹೋಗಿತ್ತು. ಮೊದಲ ಪಂದ್ಯವೇ ಗೆಲುವು.

ಮುಂದಿನ ಎರಡು ಪಂದ್ಯಗಳಲ್ಲಿ ಅಮೆರಿಕಕ್ಕೆ 86–103, ಸರ್ಬಿಯಾಕ್ಕೆ 85–96ರಿಂದ ಸೋತು ಮನೆಗೆ ಮರಳಿದರು. ಆ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದದ್ದು ಅಮೆರಿಕ, ಕಂಚು ಗೆದ್ದದ್ದು ಸರ್ಬಿಯಾ. ಹಿಂದಿನ ವರ್ಷ 32 ಅಂಕಗಳಿಂದ ಜಾಡಿಸಿದ್ದ ಸರ್ಬಿಯಾಕ್ಕೆ ಈ ಸಲ ಸಿಕ್ಕ ಅಂತರ ಹನ್ನೊಂದೇ.

ಖಮಾನ್‌ನನ್ನು 2025ರ ಜೂನ್‌ನಲ್ಲಿ ಎನ್‌ಬಿಎ ತಂಡಗಳು ಹೊಸಬರನ್ನು ಆರಿಸುವ ದಿನ ಹತ್ತನೆಯವನಾಗಿ ಕರೆದರು. ವೇದಿಕೆಯ ಮೇಲೆ ಅವನು ಕಣ್ಣೊರೆಸಿಕೊಳ್ಳುತ್ತಿದ್ದ. ಎತ್ತರ 7 ಅಡಿ 2 ಅಂಗುಲ. ಮನೂಟ್ ಬೋಲ್‌ಗಿಂತ ಐದು ಅಂಗುಲ ಕಡಿಮೆ.