ಠಾಣೆಯಿಂದ ಬಂದ ಕೋವಿಗೆ ಬಿಸಿನೀರು

ಚುನಾವಣೆಗೆಂದು ಠಾಣೆಯಲ್ಲಿಟ್ಟ ನನ್ನ ಕೇಪಿನ ಕೋವಿ ಮರಳಿದ್ದು ತುಕ್ಕು ಹಿಡಿದು. ಒಳಗೆ ಮದ್ದು ಉಂಟಾ ಅಂತ ಮೊದಲು ನೋಡಿದೆ. ಗಜವನ್ನು ನಳಿಗೆಗಿಳಿಸಿ ಬಾಯಿಯಲ್ಲಿ ಗುರುತು ಹಾಕಿ, ಹೊರಗಿಟ್ಟು ಅಳೆದರೆ ತುದಿ ಕೇಪಿಡುವ ಜಾಗಕ್ಕೆ ಮುಟ್ಟಬೇಕು. ನಾಲ್ಕು ಬೆರಳು ಕಮ್ಮಿಯಾದರೆ ಬಿಚ್ಚಲೇಬೇಡಿ, ಲೈಸನ್ಸ್ ಇರುವ ರಿಪೇರಿಯವರನ್ನು ಕೇಳಿ.

ಕರಿಮದ್ದಿನ ಮಸಿ ಎಣ್ಣೆಗಿಂತ ನೀರಿಗೇ ಚೆನ್ನಾಗಿ ಬಿಡುವುದು. ನಳಿಗೆ ಕಳಚಿ ಕುದಿನೀರು ಹೊಯ್ದು, ಗಜಕ್ಕೆ ಬಟ್ಟೆ ಸುತ್ತಿ ತಿಕ್ಕಿದೆ. ಆ ಬಿಸಿಗೇ ಒಣಗುತ್ತದೆ. ಕೂಡಲೇ ತೆಳ್ಳಗೆ ಹೊಲಿಗೆಯಂತ್ರದ ಎಣ್ಣೆ. ತೆಂಗಿನೆಣ್ಣೆ ಬೇಡ, ಚಳಿಗೆ ಗಟ್ಟಿಯಾಗುತ್ತದೆ.

ತಿರುಪುಗಳನ್ನು ಬಿಚ್ಚಿದ ಕ್ರಮದಲ್ಲೇ ಅಡಿಕೆ ಹಾಳೆಗೆ ಚುಚ್ಚಿಟ್ಟಿದ್ದೆ. ಹಳೇ ಕೋವಿಯಲ್ಲಿ ಒಂದರ ತಿರುಪು ಇನ್ನೊಂದಕ್ಕೆ ಕೂರದು. ನಳಿಗೆಯಲ್ಲಿ ಬಿರುಕು ಕಂಡರೆ ಊರಿನ ಬೆಸುಗೆಯವರಿಗೆ ಕೊಡಬೇಡಿ. 1959ರ ಆಯುಧ ಕಾಯ್ದೆಯಂತೆ ರಿಪೇರಿಗೂ ಲೈಸನ್ಸ್ ಬೇಕು.