ಏಳು ಮಿಲಿಮೀಟರಿನ ತೋಟಾ

ಜಿಮ್ ಕಾರ್ಬೆಟ್‌ನ ನರಭಕ್ಷಕಗಳ ಕಥೆಗಳನ್ನು ಇಂಗ್ಲಿಷಿನಲ್ಲೋ ತೇಜಸ್ವಿಯವರ ಕನ್ನಡದಲ್ಲೋ ಓದಿದವರಿಗೆ ‘.275 ರಿಗ್ಬಿ’ ಎಂಬ ಹೆಸರು ಹೊಸದಲ್ಲ. ಚಂಪಾವತದ ಹೆಣ್ಣುಹುಲಿ ಸರ್ಕಾರಿ ಲೆಕ್ಕದಲ್ಲೇ 436 ಜನರನ್ನು ತಿಂದಿತ್ತು. 1907ರಲ್ಲಿ ಅದನ್ನು ಕೊಂದದ್ದಕ್ಕೆ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹ್ಯೂವೆಟ್ ಕಾರ್ಬೆಟ್‌ಗೆ ಕೊಟ್ಟ ಉಡುಗೊರೆ ಈ ರೈಫಲ್. 1926ರಲ್ಲಿ ರುದ್ರಪ್ರಯಾಗದ ಚಿರತೆ ಸತ್ತದ್ದೂ ಇದರ ಗುಂಡಿಗೇ. ಆದರೆ ಮಲೆನಾಡಿನಲ್ಲಿ ಹನ್ನೆರಡು ಬೋರಿನ ಜೋಡುನಳಿಗೆ ಕಂಡು ಬೆಳೆದವರ ಕೈಗೆ ಇದರ ತೋಟಾ ಕೊಟ್ಟರೆ, ಇಷ್ಟರಲ್ಲಿ ಚಿರತೆ ಬೀಳುತ್ತದೆಯೇ ಎಂದು ಕೇಳಿಯಾರು. ಗುಂಡು ಪೆನ್ಸಿಲಿಗಿಂತ ದಪ್ಪವಿಲ್ಲ.

ಇದು ಹುಟ್ಟಿದ್ದು ಬೇಟೆಗಲ್ಲ, ಯುದ್ಧಕ್ಕೆ. 1880ರ ದಶಕದವರೆಗೂ ಯುರೋಪಿನ ಸೈನ್ಯಗಳು ಸುಡುತ್ತಿದ್ದದ್ದು ಕರಿಮದ್ದು, ನಮ್ಮಲ್ಲಿ ಕೇಪಿನ ಕೋವಿಗೆ ಗಜ ಹಾಕಿ ಜಡಿಯುವ ಅದೇ ಮದ್ದು. ಒಂದು ಈಡು ಹಾರಿಸಿದರೆ ಎದುರಿಗೆ ಹೊಗೆ ಕವಿಯುತ್ತದೆ, ನಳಿಗೆಯೊಳಗೆ ಕಿಟ್ಟ ಕಟ್ಟುತ್ತದೆ. ಇನ್ನೂ ದೊಡ್ಡ ತೊಂದರೆಯೆಂದರೆ, ಎಷ್ಟು ತುಂಬಿದರೂ ಗುಂಡಿನ ವೇಗ ಒಂದು ಮಟ್ಟಕ್ಕಿಂತ ಏರುವುದಿಲ್ಲ. ಹಾಗಾಗಿ ಹೊಡೆತ ಜೋರಾಗಬೇಕಾದರೆ ಗುಂಡನ್ನೇ ದಪ್ಪ ಮಾಡಬೇಕಿತ್ತು. ಜರ್ಮನಿಯ 1871ರ ಮೌಸರ್ ರೈಫಲಿನ ಗುಂಡು 11 ಮಿ.ಮೀ. ದಪ್ಪ, 25 ಗ್ರಾಂ ತೂಕ. ವೇಗ ಮಾತ್ರ ಸೆಕೆಂಡಿಗೆ ಸುಮಾರು 440 ಮೀಟರ್.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದು ತಯಾರಿಸಿದ ಮೇಲೆ ಈ ಲೆಕ್ಕವೆಲ್ಲ ಬುಡಮೇಲಾಯಿತು. ಎಲ್ಲ ದೇಶಗಳೂ ಸಣ್ಣ ಬೋರಿನ ಕಡೆ ಹೊರಳಿದವು. ಪಾಲ್ ಮೌಸರ್ 1892ರಲ್ಲಿ ರೂಪಿಸಿದ ಈ ತೋಟಾದ ಕೇಸಿನ ಉದ್ದ 57 ಮಿ.ಮೀ., ಬೋರು 7 ಮಿ.ಮೀ.; ಅದಕ್ಕೇ 7×57 ಎಂಬ ಹೆಸರು. ಸುಮಾರು 11.2 ಗ್ರಾಂ ತೂಗುವ, ಮೂತಿ ದುಂಡಗಿನ, ಉದ್ದನೆಯ ಗುಂಡು ಸೆಕೆಂಡಿಗೆ ಸುಮಾರು 700 ಮೀಟರ್ ವೇಗದಲ್ಲಿ ಹೊರಡುತ್ತಿತ್ತು. ಶಕ್ತಿ ತೂಕದೊಂದಿಗೆ ನೇರವಾಗಿಯೂ ವೇಗದೊಂದಿಗೆ ವರ್ಗದ ಪ್ರಮಾಣದಲ್ಲಿಯೂ ಏರುತ್ತದೆ. ಹಾಗೆ ಗುಣಿಸಿ ನೋಡಿದರೆ ಹಳೆಯ 25 ಗ್ರಾಂ ಗುಂಡಿನದು ಸುಮಾರು 2,400 ಜೂಲ್, ಅದರ ಅರ್ಧ ತೂಕವೂ ಇಲ್ಲದ ಈ ಹೊಸದರದು 2,700 ಜೂಲ್. ದಪ್ಪ ಗುಂಡಿನ ಮೇಲೆ ನಮ್ಮ ಹಳೆಯ ಶಿಕಾರಿಗಳಿಗಿದ್ದ ಭಕ್ತಿ ಈ ಲೆಕ್ಕದ ಮುಂದೆ ಸ್ವಲ್ಪ ಪೆಚ್ಚಾಗುತ್ತದೆ.

ಒಳಗೆ ನಡೆಯುವುದು ಇಷ್ಟು. ಹಿತ್ತಾಳೆಯ ಕೇಸು, ಅದರ ತಳದ ನಡುವೆ ಕೇಪು, ಒಳಗೆ ಮದ್ದು, ಕಿರಿದಾದ ಕತ್ತಿನಲ್ಲಿ ಬಿಗಿಯಾಗಿ ಕೂತ ಗುಂಡು. ಟ್ರಿಗರ್ ಎಳೆದಾಗ ಸೂಜಿ ಕೇಪಿಗೆ ಬಡಿಯುತ್ತದೆ, ಅದರ ಕಿಡಿಗೆ ಮದ್ದು ಹೊತ್ತಿಕೊಳ್ಳುತ್ತದೆ. ಅದು ಒಮ್ಮೆಗೇ ಸ್ಫೋಟಿಸುವುದಿಲ್ಲ, ಬಹಳ ಬೇಗ ಉರಿಯುತ್ತದೆ. ಉರಿದು ಹುಟ್ಟಿದ ಅನಿಲ ಗುಂಡನ್ನು ಮುಂದಕ್ಕೆ ದಬ್ಬುವಾಗಲೇ ಹಿತ್ತಾಳೆಯನ್ನೂ ಉಬ್ಬಿಸಿ ಕೋವಿಯ ಗೋಡೆಗೆ ಅಂಟಿಸುತ್ತದೆ. ಅನಿಲ ಹಿಂದಕ್ಕೆ ಸೋರಿ ಹೊಡೆಯುವವನ ಮುಖಕ್ಕೆ ಬಾರದಿರುವುದು ಇದರಿಂದಲೇ. ಒತ್ತಡ ಇಳಿಯುತ್ತಲೇ ಕೇಸು ತುಸು ಕುಗ್ಗುವುದರಿಂದ ಬೋಲ್ಟ್ ಹಿಂದಕ್ಕೆಳೆದರೆ ಈಚೆಗೆ ಬರುತ್ತದೆ. ಕಬ್ಬಿಣವೋ ತಗಡೋ ಆಗದೆ ಹಿತ್ತಾಳೆಯೇ ಇಂದಿಗೂ ಉಳಿದಿರುವುದಕ್ಕೆ ಈ ಉಬ್ಬಿ ಕುಗ್ಗುವ ಗುಣ ದೊಡ್ಡ ಕಾರಣ.

ಚರೆ ಹಾರಿಸುವ ಕೋವಿಯ ನಳಿಗೆ ಒಳಗೆ ನುಣ್ಣಗಿರುತ್ತದೆ. ರೈಫಲಿನದರಲ್ಲಿ ಸುರುಳಿ ಗೀರುಗಳಿವೆ. 7×57ರ ನಳಿಗೆಯಲ್ಲಿ ಗುಂಡು ಸುಮಾರು 220 ಮಿ.ಮೀ.ಗೆ ಒಂದು ಸುತ್ತು ತಿರುಗುತ್ತದೆ. ಆ ಲೆಕ್ಕದಲ್ಲಿ ಮೂತಿ ಬಿಡುವ ಹೊತ್ತಿಗೆ ಸೆಕೆಂಡಿಗೆ ಮೂರು ಸಾವಿರಕ್ಕೂ ಹೆಚ್ಚು ಸುತ್ತು. ಉದ್ದನೆಯ ಗುಂಡು ಲಾಗ ಹೊಡೆಯದೆ ಮೂತಿ ಮುಂದಾಗಿಯೇ ಸಾಗುವುದು ಈ ತಿರುಗಾಟದಿಂದ. ಈ ವೇಗಕ್ಕೆ ಬರಿಯ ಸೀಸ ತಡೆಯುವುದಿಲ್ಲ, ಗೀರುಗಳಲ್ಲಿ ಕಿತ್ತುಹೋಗುತ್ತದೆ. ಅದಕ್ಕೇ ಸೀಸದ ಮೇಲೆ ಲೋಹದ ಕವಚ.

1893ರಲ್ಲಿ ಸ್ಪೇನ್ ಈ ತೋಟಾವನ್ನೂ ಅದಕ್ಕೊಪ್ಪುವ ಐದು ಈಡಿನ ಮೌಸರ್ ರೈಫಲನ್ನೂ ಸೈನ್ಯಕ್ಕೆ ತೆಗೆದುಕೊಂಡಿತು. 1898ರ ಜುಲೈ 1ರಂದು ಕ್ಯೂಬಾದ ಸ್ಯಾನ್ ವಾನ್ ಗುಡ್ಡದ ಮೇಲೆ ಕೆಲವೇ ನೂರು ಸ್ಪ್ಯಾನಿಷ್ ಸೈನಿಕರು ಸಾವಿರಾರು ಅಮೆರಿಕನ್ನರನ್ನು ಗಂಟೆಗಟ್ಟಲೆ ತಡೆದರು. ಅವರ ಗುಂಡು ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುತ್ತಿರಲಿಲ್ಲ. ಅತ್ತ ಕರಿಮದ್ದಿನ ಕೋವಿ ಹಿಡಿದಿದ್ದ ಅಮೆರಿಕದ ಸ್ವಯಂಸೇವಕರ ಜಾಗವನ್ನು ಅವರದೇ ಹೊಗೆ ತೋರಿಸಿಕೊಡುತ್ತಿತ್ತು. ಗುಡ್ಡ ಅಮೆರಿಕಕ್ಕೇ ಸಿಕ್ಕಿತು, ಪಾಠವೂ ಸಿಕ್ಕಿತು. 1903ರ ಸ್ಪ್ರಿಂಗ್‌ಫೀಲ್ಡ್ ರೈಫಲಿಗೆ ಮೌಸರ್‌ನ ಎಷ್ಟೋ ಭಾಗಗಳನ್ನು ಎತ್ತಿಕೊಂಡದ್ದಕ್ಕೆ ಅಮೆರಿಕ ಸರ್ಕಾರ ಮೌಸರ್ ಕಂಪನಿಗೆ ರಾಯಧನ ಕೊಡಬೇಕಾಯಿತು. ಮುಂದೆ ಹೆಸರಾದ .30-06 ತೋಟಾ ಹುಟ್ಟಿದ್ದು ಆ ರೈಫಲಿಗಾಗಿ. ದಕ್ಷಿಣ ಆಫ್ರಿಕಾದಲ್ಲಿ 1899ರಿಂದ 1902ರವರೆಗೆ ಬೋಯರ್ ರೈತರ ಕೈಯಲ್ಲಿ ಇದೇ ಏಳು ಮಿಲಿಮೀಟರಿನ ಹೊಡೆತ ತಿಂದ ಬ್ರಿಟಿಷರು, ತಮಗೂ ಅಂಥದೊಂದು ಬೇಕೆಂದು .276 ತೋಟಾ ಪ್ರಯೋಗಿಸಿದರು. ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂದು ಅದು ಅಲ್ಲಿಗೇ ನಿಂತಿತು.

ಸೈನ್ಯದ ಈ ತೋಟಾ ಶಿಕಾರಿಗೆ ಇಳಿಯಲು ತಡವಾಗಲಿಲ್ಲ. ಬ್ರಿಟನ್ನಿನಲ್ಲಿ ಮೌಸರ್‌ನ ಏಜೆಂಟರಾಗಿದ್ದವರು ಲಂಡನ್ನಿನ ಜಾನ್ ರಿಗ್ಬಿ ಕಂಪನಿಯವರು. ಆಂಗ್ಲ ಗಿರಾಕಿಗೆ ಮಿಲಿಮೀಟರ್ ರುಚಿಸದೆಂದು ಅವರು ಅದನ್ನು ಇಂಚಿಗೆ ತಂದು .275 ಎಂದರು. 1907ರಲ್ಲಿ ದುಂಡು ಮೂತಿಯ ಬದಲು 9 ಗ್ರಾಮಿನ ಚೂಪು ಮೂತಿಯ ಹಗುರ ಗುಂಡು ಕೂರಿಸಿ ವೇಗ ಏರಿಸಿದರು. ತೋಟಾ ಅದೇ, ಲೇಬಲ್ಲು ಬೇರೆ. ಭಾರತದಲ್ಲಿ ಇದಕ್ಕೆ ಇನ್ನೊಂದು ಅನುಕೂಲವಿತ್ತು. ಕದ್ದ ಸೈನ್ಯದ ಮದ್ದುಗುಂಡು ಖಾಸಗಿ ಕೋವಿಗೆ ಒಗ್ಗಬಾರದೆಂದು ಬ್ರಿಟಿಷ್ ಸರ್ಕಾರ ಇಲ್ಲಿ .303ರಂಥ ಸೈನ್ಯದ ಬೋರುಗಳನ್ನು ಸಾಮಾನ್ಯರಿಗೆ ಕೊಡುತ್ತಿರಲಿಲ್ಲ. .275ಕ್ಕೆ ಆ ತಕರಾರು ಇರಲಿಲ್ಲ.

ಈ ತೋಟಾದ ಹೆಸರು ಕೆಡಿಸಿದವನೂ ಬೆಳೆಸಿದವನೂ ಒಬ್ಬನೇ ಎಂದು ನನಗನ್ನಿಸುತ್ತದೆ. ‘ಕರಮೋಜೊ’ ಬೆಲ್ ಎಂಬ ಸ್ಕಾಟ್‌ಲೆಂಡಿನ ದಂತದ ಬೇಟೆಗಾರ ಆಫ್ರಿಕಾದಲ್ಲಿ ಸಾವಿರಕ್ಕೂ ಹೆಚ್ಚು ಆನೆ ಕೊಂದ. ಅದರಲ್ಲಿ ಬಹುಪಾಲು ಈ ಸಣ್ಣ ರಿಗ್ಬಿಯಿಂದ. ಇದನ್ನು ಓದಿದವರು 7 ಮಿ.ಮೀ. ಇದ್ದರೆ ಏನನ್ನಾದರೂ ಬೀಳಿಸಬಹುದು ಎಂದುಕೊಂಡರು. ಬೆಲ್ ಮಾಡುತ್ತಿದ್ದದ್ದು ಬೇರೆ. ಆನೆಯ ತಲೆಬುರುಡೆಯನ್ನು ಗರಗಸದಿಂದ ಸೀಳಿ, ಮಿದುಳು ಯಾವ ಕಡೆಯಿಂದ ನೋಡಿದರೆ ಎಲ್ಲಿ ಕೂತಿರುತ್ತದೆ ಎಂದು ಅಭ್ಯಾಸ ಮಾಡಿದ್ದ. ಪೂರ್ತಿ ಕವಚವಿರುವ, ಉಬ್ಬದ ಗುಂಡನ್ನೇ ಬಳಸುತ್ತಿದ್ದ. ಉದ್ದವಾಗಿ ತೆಳ್ಳಗಿರುವ ಭಾರದ ಗುಂಡು ತೂಕವನ್ನೆಲ್ಲ ಸಣ್ಣ ಜಾಗದ ಮೇಲೆ ಹೇರುವುದರಿಂದ ನೇರವಾಗಿ ಆಳಕ್ಕೆ ಹೋಗುತ್ತದೆ. ಅದು ಮಿದುಳಿಗೆ ತಲುಪಿದರೆ ಸರಿ, ಎರಡು ಬೆರಳು ತಪ್ಪಿದರೆ ಗಾಯಗೊಂಡ ಆನೆ. ಇಂದು ಆಫ್ರಿಕಾದ ಹಲವು ದೇಶಗಳಲ್ಲಿ ಆನೆ, ಕಾಡೆಮ್ಮೆಗೆ .375ಕ್ಕಿಂತ ಕಡಿಮೆ ಬೋರು ಒಯ್ಯುವಂತೆಯೇ ಇಲ್ಲ. ಅದು ಸರಿಯಾದ ಕಾನೂನು. ಬೆಂಗಳೂರಿನ ಕೆನೆತ್ ಆಂಡರ್ಸನ್ ಕೂಡ ನರಭಕ್ಷಕಗಳ ಹಿಂದೆ ಹೋಗುವಾಗ ನಂಬಿದ್ದು 19 ಗ್ರಾಮಿಗೂ ಮೇಲ್ಪಟ್ಟ ಗುಂಡಿನ .405 ವಿಂಚೆಸ್ಟರನ್ನು. ಪೊದೆಯಿಂದ ಹಾರಿ ಬರುವ ಹುಲಿಯ ಎದುರು ಆ ಆಯ್ಕೆಯನ್ನು ತಪ್ಪೆನ್ನಲಾಗದು.

ಹಾಗಾದರೆ ಇದರ ನಿಜವಾದ ಗುಣವೇನು? ಒದೆತ ಕಡಿಮೆ. ದೊಡ್ಡ ಕೋವಿಯ ಒದೆತಕ್ಕೆ ಹೆದರುವ ಭುಜ ಟ್ರಿಗರ್ ಎಳೆಯುವ ಮೊದಲೇ ಬೆದರುತ್ತದೆ, ಗುರಿ ಅಲ್ಲೇ ತಪ್ಪುತ್ತದೆ. .275 ಹಿಡಿದವನು ಹೆದರುವುದಿಲ್ಲ, ಹೊಡೆದದ್ದು ಬೇಕಾದಲ್ಲಿ ಬೀಳುತ್ತದೆ. ಕೋಷ್ಟಕದಲ್ಲಿ ಇದಕ್ಕಿಂತ ಜೋರಾದ ತೋಟಾಗಳು ಹತ್ತಾರಿವೆ, ಹೊಡೆಯುವವನನ್ನು ಇಷ್ಟು ನೆಮ್ಮದಿಯಾಗಿಡುವವು ಕಡಿಮೆ. ಈಗಿನ 9 ಗ್ರಾಮಿನ ಗುಂಡು ಸೆಕೆಂಡಿಗೆ ಸುಮಾರು 810 ಮೀಟರ್ ವೇಗದಲ್ಲಿ, 3,000 ಜೂಲ್‌ಗೆ ಹತ್ತಿರದ ಶಕ್ತಿಯೊಂದಿಗೆ ಹೊರಡುತ್ತದೆ. 180 ಮೀಟರಿಗೆ ಗುರಿ ಕೂರಿಸಿದರೆ ಅರ್ಧ ದೂರದಲ್ಲಿ ಸುಮಾರು 5 ಸೆಂ.ಮೀ. ಮೇಲೆ, 275 ಮೀಟರಿನಲ್ಲಿ 20 ಸೆಂ.ಮೀ. ಆಸುಪಾಸು ಕೆಳಗೆ ಬೀಳುತ್ತದೆ. ಅಲ್ಲಿಂದಾಚೆಗೆ ಹೊಡೆಯುವ ಹವ್ಯಾಸವಿದ್ದವರಿಗೆ ಬೇರೆ ತೋಟಾಗಳಿವೆ.

ಯುರೋಪು, ಅಮೆರಿಕ, ದಕ್ಷಿಣ ಆಫ್ರಿಕಾಗಳಲ್ಲಿ ಜಿಂಕೆ, ಹಂದಿ, ಬಯಲಿನ ಹುಲ್ಲೆಗಳಿಗೆ ಇದನ್ನು ಈಗಲೂ ಬಳಸುತ್ತಾರೆ. ಅಲ್ಲಿ ಹಾಕುವುದು ಮೂತಿಯಲ್ಲಿ ಸೀಸ ಕಾಣುವ, ಮೈಗೆ ತಾಗಿದೊಡನೆ ಅರಳುವ ಗುಂಡು. ಅದು ಹೊಕ್ಕ ಕಡೆ ಅಗಲವಾಗಿ ಹರಿದು ಪ್ರಾಣಿಯನ್ನು ಬೇಗ ಬೀಳಿಸುತ್ತದೆ, ಗಾಯದೊಂದಿಗೆ ಓಡಿಹೋಗಲು ಬಿಡುವುದಿಲ್ಲ. ಯುದ್ಧದಲ್ಲಿ ಇಂಥ ಗುಂಡನ್ನು 1899ರ ಹೇಗ್ ಘೋಷಣೆ ನಿಷೇಧಿಸಿತು, ಕಾಡಿನಲ್ಲಿ ಅದನ್ನೇ ದಯೆ ಎನ್ನುತ್ತಾರೆ. ನಮ್ಮಲ್ಲಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಅಪರಾಧ. ಇಲ್ಲಿ ಉಳಿದಿರುವ .275ಗಳು ಲೈಸೆನ್ಸಿನ ಪುಸ್ತಕದೊಂದಿಗೆ ಬೀರುವಿನಲ್ಲಿವೆ.

1980ರಲ್ಲಿ ಅಮೆರಿಕದ ರೆಮಿಂಗ್ಟನ್ ಕಂಪನಿ 7 ಎಂಎಂ-08 ತಂದಿತು. ಹೆಚ್ಚುಕಡಿಮೆ ಇದೇ ಕೆಲಸವನ್ನು ಇನ್ನೂ ಗಿಡ್ಡ ಕೇಸಿನಲ್ಲಿ ಮಾಡುವ ಅದು ಮಾರುಕಟ್ಟೆಯ ಒಂದು ಪಾಲನ್ನು ಕಿತ್ತುಕೊಂಡಿತು. 7×57ಕ್ಕೆ ಅಡ್ಡಿಯಾದದ್ದು ಅದರ ವಯಸ್ಸೇ. ನೂರು ವರ್ಷ ಹಿಂದಿನ ಮೌಸರ್‌ಗಳು ಇನ್ನೂ ಬಳಕೆಯಲ್ಲಿರುವುದರಿಂದ ಅಮೆರಿಕದ ತಯಾರಕರು ತೋಟಾಕ್ಕೆ ಮದ್ದು ಕೈಬಿಗಿದೇ ಹಾಕುತ್ತಾರೆ, ಯುರೋಪಿನವರು ಸ್ವಲ್ಪ ಧಾರಾಳ. 1893, 1895ರ ಕೋವಿ ಇಟ್ಟುಕೊಂಡವರು ಅದನ್ನು ಬಲ್ಲ ಕೋವಿ ರಿಪೇರಿಯವರಿಗೆ ತೋರಿಸದೆ ಜೋರು ತೋಟಾ ಹಾಕಬಾರದು. ಪೆಟ್ಟಿಗೆಯ ಮೇಲೆ 7×57, 7 ಎಂಎಂ ಮೌಸರ್, .275 ರಿಗ್ಬಿ ಹೀಗೆ ಯಾವುದಿದ್ದರೂ ಒಂದೇ. ಕೊನೆಗೆ ‘ಆರ್’ ಅಕ್ಷರವಿದ್ದರೆ ಮಾತ್ರ ಅದು ಬೇರೆ: ತಳದಲ್ಲಿ ಅಂಚಿರುವ, ಮಡಚಿ ತುಂಬುವ ಕೋವಿಗಳಿಗಾಗಿ ಮಾಡಿದ ತೋಟಾ. ಮೌಸರ್‌ನ ಮ್ಯಾಗಜೀನಿಗೆ ಅದು ಹೊಂದುವುದಿಲ್ಲ.